ಕೋಬಾಲ್ ಆ ಕಡೆ, ಜಾವಾ ಈ ಕಡೆ, ನಡುವೆ ಕ್ಯೂ: ಉತ್ತರ ಯಾಕೆ ಬರ್ತಿಲ್ಲ?

ಪಾಲಿಸಿಪುಟ್ಟ — ಸೋಮವಾರ, ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಜಾವಾದಲ್ಲಿ ಆರು ವರ್ಷ ಆಯ್ತು, ಮೇನ್‌ಫ್ರೇಮ್ (ದೊಡ್ಡ ಕಂಪನಿಗಳ ಲೆಕ್ಕಪತ್ರ ನಡೆಸೋ ದೈತ್ಯ ಕಂಪ್ಯೂಟರ್) ಮುಟ್ಟಿದ್ದು ಇದೇ ಮೊದಲು. ಕೂತಿರೋದು ಬೆಂಗಳೂರಲ್ಲಿ, ಕೆಲಸ ಅಮೆರಿಕದ ಒಂದು ವಿಮಾ ಕಂಪನಿಗೆ. ಹೆಸರು ಕೇಳಬೇಡಿ. ಅವರ ಪಾಲಿಸಿ, ಪ್ರೀಮಿಯಂ, ಕ್ಲೇಮು ಎಲ್ಲ ಸಿಐಸಿಎಸ್ (ಮೇನ್‌ಫ್ರೇಮ್‌ನಲ್ಲಿ ವಹಿವಾಟು ನಡೆಸೋ ಐಬಿಎಂ ಸಾಫ್ಟ್‌ವೇರ್) ಕೆಳಗೆ ಓಡೋ, ಕೋಬಾಲ್ ಅನ್ನೋ ಹಳೇ ಭಾಷೆಯ ಪ್ರೋಗ್ರಾಮ್‌ಗಳಲ್ಲಿವೆ. ಅದನ್ನ ಕಿತ್ತುಹಾಕೋ ಮಾತೇ ಇಲ್ಲ. ನಾವು ಏಜೆಂಟರಿಗೆ ಜಾವಾದಲ್ಲಿ ಪೋರ್ಟಲ್ ಕಟ್ತಿದೀವಿ, ನಡುವೆ ಐಬಿಎಂ ಎಂಕ್ಯೂ, ಅಂದ್ರೆ ಸಂದೇಶಗಳನ್ನ ಸಾಲಲ್ಲಿ (ಕ್ಯೂ) ಇಟ್ಟು ದಾಟಿಸೋ ಸಾಫ್ಟ್‌ವೇರ್.

ಏಜೆಂಟ್ ಪಾಲಿಸಿ ನಂಬರ್ ಹಾಕಿ ಗುಂಡಿ ಒತ್ತಿದರೆ ನಮ್ಮ ಸ್ಟೇಟ್‌ಲೆಸ್ ಸೆಷನ್ ಬೀನ್ (ಜಾವಾ ಸರ್ವರ್ ಓಡಿಸೋ ಒಂದು ಕೋಡ್ ತುಂಡು) ಒಂದು ಜೆಎಂಎಸ್ (ಜಾವಾದಿಂದ ಕ್ಯೂ ಬಳಸೋ ವಿಧಾನ) ಸಂದೇಶ ಕಟ್ಟಿ ರಿಕ್ವೆಸ್ಟ್ ಕ್ಯೂಗೆ ಹಾಕುತ್ತೆ. ಅದೇ ಮೆಥಡ್‌ನಲ್ಲಿ ಮುಂದೆ ರಿಪ್ಲೈ ಕ್ಯೂ ಮೇಲೆ 30 ಸೆಕೆಂಡ್ ಕಾಯುತ್ತೆ. ಯಾವ ಪ್ರಶ್ನೆಗೆ ಯಾವ ಉತ್ತರ ಅಂತ ಹೊಂದಿಸೋ ಕೋರಿಲೇಷನ್ ಐಡಿಗೆ ಸೆಲೆಕ್ಟರ್ (ಆಯ್ಕೆ ಷರತ್ತು) ಸರಿಯಾಗೇ ಇದೆ, ಹತ್ತು ಸಲ ನೋಡಿದೀನಿ. ಆದರೂ ಪ್ರತಿ ಸಲ 30 ಸೆಕೆಂಡ್ ಪೂರ್ತಿ ಕಾದು ನಲ್ (ಖಾಲಿ) ತಗೊಂಡು ಬರುತ್ತೆ.

ಹೊಟ್ಟೆ ಉರಿಯೋದು ಎಲ್ಲಿ ಅಂದ್ರೆ, ಬೀನ್ ಸೋತು ವಾಪಸ್ ಬಂದ ಮರುಕ್ಷಣ ರಿಪ್ಲೈ ಕ್ಯೂನಲ್ಲಿ ಉತ್ತರ ಬಂದು ಕೂತಿರುತ್ತೆ! ಬೇಕಂತಲೇ ಕಾಯಿಸ್ತಿದೆಯೇನೋ ಅನ್ಸುತ್ತೆ. ಮೇನ್‌ಫ್ರೇಮ್ ತಂಡದವರು "ನಮ್ಮ ಕಡೆಯಿಂದ ಕಾಲು ಸೆಕೆಂಡಲ್ಲಿ ಉತ್ತರ ಹೋಗ್ತಿದೆ, ನಿಮ್ಮದು ನೋಡ್ಕೊಳ್ಳಿ" ಅಂದುಬಿಟ್ಟರು. ಎರಡು ದಿನದಿಂದ ಇದೇ ಗೋಳು.

ಲಾಗ್‌ನೋಡ್ಕೋ — ಸೋಮವಾರ, ರಾತ್ರಿ 10:31

ಬೀನ್‌ಗೆ ಟ್ರಾನ್ಸಾಕ್ಷನ್ ಆಟ್ರಿಬ್ಯೂಟ್ ಏನು ಕೊಟ್ಟಿದೀರ?

ಪಾಲಿಸಿಪುಟ್ಟ — ಸೋಮವಾರ, ರಾತ್ರಿ 10:34

ಏನೂ ಕೊಟ್ಟಿಲ್ಲ. ಡೀಫಾಲ್ಟ್.

ಲಾಗ್‌ನೋಡ್ಕೋ — ಸೋಮವಾರ, ರಾತ್ರಿ 10:35

ಡೀಫಾಲ್ಟ್ ಅಂದ್ರೆ ರಿಕ್ವೈರ್ಡ್. ಸಿಕ್ಕಿತಲ್ಲ ಕಳ್ಳ.

ಹಳೇಹುಬ್ಬಳ್ಳಿ — ಸೋಮವಾರ, ರಾತ್ರಿ 10:58

ಹುಡುಗಗ ಬಿಡಿಸಿ ಹೇಳ್ರಿ, ಒಗಟ ಹಾಕಬ್ಯಾಡ್ರಿ.

ತಮ್ಮಾ, ಸಣ್ಣಾವ್ರಿದ್ದಾಗ ನಮ್ಮ ಓಣ್ಯಾಗ ಹಿಟ್ಟಿನ ಗಿರಣಿ ಇತ್ತು. ಜ್ವಾಳದ ಡಬ್ಬಿ ಒಯ್ದು ಸಾಲಿನ್ಯಾಗ ಇಟ್ಟು, ಮ್ಯಾಲೆ ಹೆಸರಿನ ಚೀಟಿ ಸಿಕ್ಕಿಸಿ ಮನಿಗೆ ಬರ್ತಿದ್ವಿ. ಕರೆಂಟ್ ಇದ್ರ ಈಗ ಬೀಸ್ತಾನ, ಇಲ್ಲಂದ್ರ ಸಂಜಿಗೆ ಬೀಸ್ತಾನ. ಡಬ್ಬಿ ಎಲ್ಲೂ ಹೋಗಂಗಿಲ್ಲ, ನಾವೂ ಅಲ್ಲೇ ನಿಲ್ಲಬೇಕಂತಿಲ್ಲ. ಮೆಸೇಜ್ ಕ್ಯೂ ಅಂದ್ರ ಇಷ್ಟ. ಆ ಚೀಟಿನ ನಿನ್ನ ಕೋರಿಲೇಷನ್ ಐಡಿ.

ನೀ ಏನ್ ಮಾಡೀದಿ ಅಂದ್ರ, ಡಬ್ಬಿ ಇನ್ನೂ ಕೈಯಾಗ ಹಿಡಕೊಂಡು "ಹಿಟ್ಟು ಯಾಕ ಬರಲಿಲ್ಲೋ" ಅಂತ ಗಿರಣಿ ಮುಂದ ನಿಂತೀದಿ. ರಿಕ್ವೈರ್ಡ್ ಅಂದ್ರ ಇಡೀ ಮೆಥಡ್ ಒಂದ ಟ್ರಾನ್ಸಾಕ್ಷನ್, ಎಲ್ಲಾ ಆಗಬೇಕು ಇಲ್ಲಾ ಏನೂ ಆಗಬಾರದು. ಟ್ರಾನ್ಸಾಕ್ಷನ್ ಒಳಗ ಕ್ಯೂಕ್ಕ ಹಾಕಿದ್ದು ಕಮಿಟ್ (ಪಕ್ಕಾ) ಆಗೂತನಕ ಆ ಕಡಿ ಕಾಣಂಗಿಲ್ಲ. ಕಮಿಟ್ ಆಗೂದು ನಿನ್ನ ಮೆಥಡ್ ಮುಗದ ಮ್ಯಾಲೆ. ಮೆಥಡ್ ಮುಗಿಯೂದು ಉತ್ತರ ಬಂದ ಮ್ಯಾಲೆ, ಇಲ್ಲಾ 30 ಸೆಕೆಂಡ್ ಆದ ಮ್ಯಾಲೆ. ಕೋಬಾಲಿಗೆ ನಿನ್ನ ಪ್ರಶ್ನೆ ಕಾಣೂದ ನೀ ಸೋತು ಹೊಳ್ಳಿ ಹೋದ ಮ್ಯಾಲೆ. ಅದು ಕಾಲು ಸೆಕೆಂಡಿನ್ಯಾಗ ಉತ್ತರ ಹಾಕ್ತದ, ತಗೊಳ್ಳಾಕ ನೀ ಅಲ್ಲಿಲ್ಲ. ಮೇನ್‌ಫ್ರೇಮ್‌ನವ್ರು ಸುಳ್ಳು ಹೇಳಿಲ್ಲ ನೋಡು.

ಕಳಿಸೂದನ್ನ ಬ್ಯಾರೆ ಟ್ರಾನ್ಸಾಕ್ಷನ್‌ನ್ಯಾಗ ಮಾಡು. ರಿಕ್ವೈರ್ಸ್‌ನ್ಯೂ ಹಾಕು.

ಪಾಲಿಸಿಪುಟ್ಟ — ಮಂಗಳವಾರ, ಬೆಳಿಗ್ಗೆ 11:20

ಸರ್, ನೀವು ಹೇಳಿದ್ದು ಒಂದೇ ಸಲಕ್ಕೆ ಅರ್ಥ ಆಯ್ತು. ಕಳಿಸೋ ಭಾಗನ ಬೇರೆ ಮೆಥಡ್ ಮಾಡಿ ರಿಕ್ವೈರ್ಸ್‌ನ್ಯೂ ಹಾಕಿದೆ. ಆದರೂ ಅದೇ ಕಥೆ, 30 ಸೆಕೆಂಡ್, ನಲ್.

ಲಾಗ್‌ನೋಡ್ಕೋ — ಮಂಗಳವಾರ, ಬೆಳಿಗ್ಗೆ 11:26

ಆ ಮೆಥಡ್ ಇರೋದು ಅದೇ ಬೀನ್ ಒಳಗೆ, ಕರೀತಿರೋದೂ ಅದೇ ಬೀನ್ ಒಳಗಿಂದ. ಅಲ್ವಾ? ಕಂಟೇನರ್, ಅಂದ್ರೆ ಬೀನ್‌ಗಳನ್ನ ಓಡಿಸೋ ಸರ್ವರ್ ಭಾಗ, ಕೂತಿರೋದು ಬಾಗಿಲಲ್ಲಿ. ಹೊರಗಿಂದ ಬರೋರನ್ನ ಮಾತ್ರ ನಿಲ್ಲಿಸಿ ಹೊಸ ಟ್ರಾನ್ಸಾಕ್ಷನ್ ಕೊಡುತ್ತೆ. ಮನೆ ಒಳಗೆ ಹಾಲಿಂದ ಅಡುಗೆಮನೆಗೆ ಹೋದರೆ ಅದಕ್ಕೆ ಗೊತ್ತೇ ಆಗಲ್ಲ, ನಿಮ್ಮ ಅನೊಟೇಷನ್ ಬರೀ ಅಲಂಕಾರ. ಬೇರೆ ಬೀನ್‌ಗೆ ಹಾಕಿ ಇಂಜೆಕ್ಟ್ ಮಾಡ್ಕೊಳ್ಳಿ.

ಪಾಲಿಸಿಪುಟ್ಟ — ಮಂಗಳವಾರ, ಮಧ್ಯಾಹ್ನ 12:05

ಬಂತು!!! ಮೊದಲನೇ ಉತ್ತರ ಬಂತು. ಪಾಲಿಸಿದಾರರ ಹೆಸರು ಪೂರ್ತಿ ದೊಡ್ಡಕ್ಷರದಲ್ಲಿ ಬಂದಿದೆ, ಪರವಾಗಿಲ್ಲ. ಇಬ್ಬರಿಗೂ ಕಾಫಿ ಬಾಕಿ.

ಹಸಿರುಪರದೆ — ಮಂಗಳವಾರ, ರಾತ್ರಿ 9:15

ಕಾಫಿ ಕುಡಿಯೋಕೆ ಮುಂಚೆ ಒಂದು ಮಾತು ಪುಟ್ಟ. ನಾನು ಆ ಕಡೆಯವಳು. 28 ವರ್ಷದಿಂದ ಕೋಬಾಲ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಿಐಸಿಎಸ್. ನಿಮ್ಮ ಹಾಗೆ ಈ ಕಡೆಯಿಂದ ಬಾಗಿಲು ತಟ್ಟಿದವರನ್ನ ಬೇಕಾದಷ್ಟು ನೋಡಿದೀನಿ.

ಮೊದಲೆಲ್ಲ ನಮ್ಮ ಹತ್ರ ಬರ್ತಿದ್ದ ದಾರಿ ಪರದೆ ಕೆರೆಯೋದು. 3270 ಟರ್ಮಿನಲ್ (ಮೇನ್‌ಫ್ರೇಮ್‌ನ ಹಸಿರು ಪರದೆ) ಅಂತ ನಟಿಸೋ ಒಂದು ಪ್ರೋಗ್ರಾಮ್ ಬರೆದು, ಐದನೇ ಸಾಲಿನ ಇಪ್ಪತ್ತನೇ ಕಾಲಮ್‌ನಿಂದ ಇಷ್ಟು ಅಕ್ಷರ ಪ್ರೀಮಿಯಂ ಅಂತ ಕಿತ್ತುಕೊಳ್ಳೋದು. ನಾನೇ ಒಂದು ಸಲ ಪರದೆ ಮೇಲೆ ಒಂದು ಎಚ್ಚರಿಕೆ ಸಾಲು ಸೇರಿಸಿದೆ, ಎಲ್ಲಾ ಒಂದು ಸಾಲು ಕೆಳಗೆ ಸರಿಯಿತು. ಹಾಗೆ ಓದುವ ಪ್ರೋಗ್ರಾಮ್ ಒಂದು ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಜನ ಪಾಲಿಸಿ ಮುಗಿಯೋ ತಾರೀಖನ್ನ ಮೊತ್ತ ಅಂತ ಓದಿಕೊಂಡ್ರು. ಅದಕ್ಕೆ ಹೋಲಿಸಿದ್ರೆ ಕ್ಯೂ ದೇವರು ಕೊಟ್ಟ ವರ. ಸಿಐಸಿಎಸ್ ಹುಟ್ಟಿದ್ದು 1969ರಲ್ಲಿ, ಎಂಕ್ಯೂಸೀರೀಸ್ ಬಂದಿದ್ದು 1993ರಲ್ಲಿ. ಅದೇ ಈಗಿನ ಐಬಿಎಂ ಎಂಕ್ಯೂ, ನಡುವೆ ವೆಬ್‌ಸ್ಫಿಯರ್ ಎಂಕ್ಯೂ ಅಂತಲೂ ಕರೆಸಿಕೊಂಡಿತು.

ಜಾವಾ ಕಡೆ 1998ರಲ್ಲಿ ಜೆಎಂಎಸ್ ಬಂತು, ಅದೇ ವರ್ಷ ಈ ಬೀನ್‌ಗಳ ನಿಯಮಾವಳಿ ಇಜೆಬಿ 1.0 ಬಂತು. ಒಂದೇ ಮನೆ ಮಕ್ಕಳು, ಆದರೆ ಮಾತುಕತೆ ಇರಲಿಲ್ಲ. ಬೀನ್ ಸಂದೇಶ ಕಳಿಸಬಹುದಿತ್ತು. ಸಂದೇಶ ಬಂದಾಗ ತಾನಾಗಿ ಎದ್ದು ತಗೊಳ್ಳೋ ಬೀನ್ ಇರಲಿಲ್ಲ. ಜನ ಸರ್ವರ್ ಹೊರಗೆ ಒಂದು ಒಂಟಿ ಪ್ರೋಗ್ರಾಮ್ ಇಟ್ಟು, ಅದು ಕ್ಯೂ ನೋಡ್ತಾ ಬೀನ್ ಕರೀತಾ ಇರೋ ಹಾಗೆ ಮಾಡ್ಕೊಂಡಿದ್ರು. 2001ರ ಇಜೆಬಿ 2.0ರಲ್ಲಿ ಮೆಸೇಜ್ ಡ್ರಿವನ್ ಬೀನ್ ಬಂದ ಮೇಲೆ ಆ ಪರದಾಟ ನಿಂತಿತು.

ನೀವು ಆ ಬೀನ್ ಬಳಸ್ತಾನೇ ಇಲ್ಲ. ಕ್ಯೂ ತಂದು ಅದರ ಮೇಲೆ ಟೆಲಿಫೋನ್ ಮಾಡ್ತಿದೀರ. ಪ್ರಶ್ನೆ ಹಾಕಿ ಥ್ರೆಡ್ (ಸರ್ವರ್‌ನ ಒಬ್ಬ ಕೆಲಸಗಾರ ಇದ್ದ ಹಾಗೆ) ಹಿಡಿದು 30 ಸೆಕೆಂಡ್ ನಿಲ್ತೀರ. ಮೇನ್‌ಫ್ರೇಮ್ ಒಂದು ದಿನ ಸ್ವಲ್ಪ ನಿಧಾನ ಆಯ್ತು ಅನ್ನಿ, ಪೋರ್ಟಲ್‌ನ ಥ್ರೆಡ್ ಎಲ್ಲಾ ಕಾಯ್ತಾ ನಿಂತು ಲಾಗಿನ್ ಪುಟ ಕೂಡ ತೆರೆಯಲ್ಲ. ಬರೀ ವಿಚಾರಣೆಗೆ, ಅಂದ್ರೆ ಪಾಲಿಸಿ ತೋರಿಸೋಕೆ, ಕಾಯೋದನ್ನ ಒಪ್ಕೋತೀನಿ. ಐದು ಸೆಕೆಂಡ್‌ಗೆ ಇಳಿಸಿ. ಸಂದೇಶಕ್ಕೂ ಅಷ್ಟೇ ಆಯಸ್ಸು ಕೊಡಿ, ನೀವು ಬಿಟ್ಟುಹೋದ ಪ್ರಶ್ನೆಗೆ ನಾವು ಸುಮ್ಮನೆ ಉತ್ತರ ಬರೆಯೋದು ತಪ್ಪುತ್ತೆ. ಆದರೆ ಪ್ರೀಮಿಯಂ ಕಟ್ಟೋದು, ವಿಳಾಸ ಬದಲಾಯಿಸೋದು, ಇವಕ್ಕೆ ಕಾಯೋ ದಾರಿ ಬೇಡವೇ ಬೇಡ. ಕೋರಿಕೆಯನ್ನ ನಿಮ್ಮ ಟೇಬಲ್‌ನಲ್ಲಿ ಬರೆದು ಸಂದೇಶ ಕಳಿಸಿ, ಏಜೆಂಟರಿಗೆ "ಸ್ವೀಕರಿಸಿದೆ" ಅಂತ ತೋರಿಸಿ. ಉತ್ತರ ಬಂದಾಗ ಮೆಸೇಜ್ ಡ್ರಿವನ್ ಬೀನ್ ಅದೇ ಸಾಲನ್ನ "ಆಯಿತು" ಅಂತ ಬದಲಾಯಿಸಲಿ.

ಜರ್ಸಿಹಸು — ಬುಧವಾರ, ಬೆಳಿಗ್ಗೆ 6:40

ಅಕ್ಕ ಹೇಳಿದ್ದಕ್ಕೆ ಒಂದು ಸಾಕ್ಷಿ. ನಾನು ನ್ಯೂಜೆರ್ಸಿಯಲ್ಲಿದ್ದೀನಿ, ಹೆಸರು ನೋಡಿ ನಗಬೇಡಿ. ಹಿಂದಿನ ಒಂದು ಕೆಲಸದಲ್ಲಿ ನಮ್ಮ ಬೀನ್ ಕೂಡ ಹೀಗೇ ಕಾಯ್ತಿತ್ತು, ಸಮಯ ಮೀರಿದರೆ ಪರದೆ ಮೇಲೆ "ವಿಫಲವಾಗಿದೆ, ಮತ್ತೆ ಪ್ರಯತ್ನಿಸಿ" ಅಂತ ಬರ್ತಿತ್ತು. ಪ್ರಯತ್ನಿಸಿದ್ರು. ನಿಜಕ್ಕೂ ವಿಫಲ ಆಗಿರಲಿಲ್ಲ, ಸಂದೇಶ ಕ್ಯೂನಲ್ಲಿ ನಿಂತಿತ್ತು ಅಷ್ಟೆ. ಫೈಲ್ ಮುಚ್ಚಿ ಓಡೋ ರಾತ್ರಿ ಬ್ಯಾಚ್ ಮುಗಿದು ಫೈಲ್‌ಗಳು ತೆರೆದ ಮೇಲೆ ಎರಡೂ ಓಡಿ ಒಂದೇ ಪ್ರೀಮಿಯಂ ಎರಡು ಸಲ ಕಡಿತ ಆಯ್ತು.

ಆಮೇಲೆ ಮಾಡಿದ್ದು ಇಷ್ಟು: ಪ್ರತಿ ಕೋರಿಕೆಗೂ ಪೋರ್ಟಲ್‌ನಲ್ಲೇ ಒಂದು ನಂಬರ್ ಕೊಟ್ಟು ಸಂದೇಶದ ಒಳಗೇ ಹಾಕಿದ್ವಿ. ಕೋಬಾಲ್ ಅದನ್ನ ಒಂದು ಟೇಬಲ್‌ನಲ್ಲಿ ಬರೆದಿಡುತ್ತೆ, ಎರಡನೇ ಸಲ ಅದೇ ನಂಬರ್ ಬಂದರೆ ಹಳೇ ಉತ್ತರವನ್ನೇ ವಾಪಸ್ ಕೊಡುತ್ತೆ. ಇಲ್ಲಿ ಒಂದು ಹಳ್ಳ ಇದೆ, ನಾವು ಮೊದಲು ಅದರಲ್ಲೇ ಬಿದ್ವಿ. ನಂಬರ್ ಅಂತ ಜೆಎಂಎಸ್ ಮೆಸೇಜ್ ಐಡಿಯನ್ನೇ ಇಟ್ಟಿದ್ವಿ. ಮತ್ತೆ ಕಳಿಸಿದಾಗ ಅದು ಹೊಸ ಸಂದೇಶ, ಹೊಸ ಐಡಿ. ಹಿಡಿಯೋದು ಹೇಗೆ?

ಹಳೇಹುಬ್ಬಳ್ಳಿ — ಬುಧವಾರ, ಬೆಳಿಗ್ಗೆ 9:02

ಎಕ್ಸ್‌ಎ ಹಾಕಿದ್ರ ಈ ತಾಪತ್ರಯನ ಇಲ್ಲಲ್ರಿ? ಡೇಟಾಬೇಸು, ಕ್ಯೂ ಎರಡೂ ಕೂಡೇ ಕಮಿಟ್, ಕೂಡೇ ರೋಲ್‌ಬ್ಯಾಕ್. 1991ರಿಂದ ಇರೂ ಗಟ್ಟಿ ಪದ್ಧತಿ.

ಜರ್ಸಿಹಸು — ಬುಧವಾರ, ಸಂಜೆ 5:15

ಅಣ್ಣ, ಎಕ್ಸ್‌ಎ ಕಾಪಾಡೋದು ನಮ್ಮ ಡೇಟಾಬೇಸ್ ಮತ್ತು ನಮ್ಮ ಕಡೆಯ ಕ್ಯೂ ಎರಡನ್ನ ಮಾತ್ರ. ಅಲ್ಲಿಂದ ಮುಂದೆ ಚಾನೆಲ್ ದಾಟಿ ಮೇನ್‌ಫ್ರೇಮ್‌ನಲ್ಲಿ ನಡೆಯೋದು ಬೇರೆಯೇ ಟ್ರಾನ್ಸಾಕ್ಷನ್. ಏಜೆಂಟ್ ಎರಡು ಸಲ ಗುಂಡಿ ಒತ್ತಿದರೆ ಎಕ್ಸ್‌ಎ ಎರಡನ್ನೂ ನಿಷ್ಠೆಯಿಂದ ಕಮಿಟ್ ಮಾಡಿಕೊಡುತ್ತೆ. ಇನ್ನು ಪ್ರಿಪೇರ್ (ಎರಡೂ ಕಡೆಯವರು ಸಿದ್ಧ ಅನ್ನೋದು) ಆದ ಮೇಲೆ, ಕಮಿಟ್ ಆಗೋಕೆ ಮುಂಚೆ, ಆಪ್ ಸರ್ವರ್ ಬಿದ್ದರೆ ಅದು ಎದ್ದು ಬರೋ ತನಕ ಡೇಟಾಬೇಸ್‌ನಲ್ಲಿ ಲಾಕ್ ಹಾಗೇ ಕೂತಿರುತ್ತೆ. ನಾನು ಒಂದು ಶನಿವಾರ ಪೂರ್ತಿ ಆ ಅತಂತ್ರ ಟ್ರಾನ್ಸಾಕ್ಷನ್‌ಗಳನ್ನ ಕೈಯಲ್ಲಿ ಬಿಡಿಸಿದೀನಿ.

ಹಳೇಹುಬ್ಬಳ್ಳಿ — ಬುಧವಾರ, ಸಂಜೆ 5:40

ಅದೂ ಖರೆ. ಆದ್ರೂ ನಮ್ಮ ಟೇಬಲಿನ್ಯಾಗ "ಕಳಿಸೇನಿ" ಅಂತ ಬರದು, ಕ್ಯೂಕ್ಕ ಹೋಗದ ಇರೂದನ್ನ ತಪ್ಪಸಾಕ ನಾ ಎಕ್ಸ್‌ಎ ಬಿಡಂಗಿಲ್ಲ.

ಕಡಲತಡಿ — ಬುಧವಾರ, ರಾತ್ರಿ 8:20

ನಂಗೊಂದು ಡೌಟು ಉಂಟು ಮಾರಾಯ್ರೆ. ಈಗಿನ ಕಾಲದಲ್ಲಿ ಇದೆಲ್ಲ ಯಾಕೆ? ಕಾಫ್ಕಾ ಹಾಕಿದ್ರೆ ಆಯ್ತಲ್ಲ. ನಮ್ಮ ಆಫೀಸಲ್ಲಿ ಎಲ್ಲ ಅದರಲ್ಲೇ ಉಂಟು.

ಲಾಗ್‌ನೋಡ್ಕೋ — ಬುಧವಾರ, ರಾತ್ರಿ 8:22

ಬಂತಪ್ಪ. ಎರಡು ದಿನ ತಡ ಆಯ್ತು ಅಷ್ಟೆ.

ಹಸಿರುಪರದೆ — ಬುಧವಾರ, ರಾತ್ರಿ 9:30

ನಗಬೇಡಿ, ನ್ಯಾಯವಾದ ಪ್ರಶ್ನೆ. ಕಾಫ್ಕಾ ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಹೊರಗೆ ಬಂತು. ಅದು ಒಂದು ದಿನಚರಿ ಪುಸ್ತಕ ಇದ್ದ ಹಾಗೆ: ಬರೆದದ್ದು ಅಲ್ಲೇ ಇರುತ್ತೆ, ಯಾರು ಬೇಕಾದರೂ ತಮ್ಮ ಪುಟದಿಂದ ಓದಿಕೊಳ್ಳಬಹುದು. ಒಂದು ಸುದ್ದಿ ಹತ್ತು ಕಡೆ ಬೇಕಾದರೆ ಅದೇ ಸರಿ.

ಆದರೆ ನನ್ನ ಕೋಬಾಲ್ ಪ್ರೋಗ್ರಾಮ್ ಏನು ಮಾಡುತ್ತೆ ನೋಡಿ. ಕ್ಯೂನಿಂದ ಕೋರಿಕೆ ತಗೊಳುತ್ತೆ, ಡಿಬಿ2 ಡೇಟಾಬೇಸ್‌ನಲ್ಲಿ ಪಾಲಿಸಿ ತಿದ್ದುತ್ತೆ, ಉತ್ತರವನ್ನ ಇನ್ನೊಂದು ಕ್ಯೂಗೆ ಹಾಕುತ್ತೆ. ಈ ಮೂರೂ ಸಿಐಸಿಎಸ್‌ನ ಒಂದೇ ಸಿಂಕ್‌ಪಾಯಿಂಟ್‌ನಲ್ಲಿ (ಎಲ್ಲ ಒಟ್ಟಿಗೆ ಪಕ್ಕಾ ಆಗೋ ಗಳಿಗೆ) ಆಗುತ್ತೆ. ಎಲ್ಲೋ ಅಬೆಂಡ್ (ಪ್ರೋಗ್ರಾಮ್ ನಡುವೆಯೇ ಸತ್ತು ಬೀಳೋದು) ಆದರೆ ಪಾಲಿಸಿ ಹಿಂದಿನಂತೆ, ಉತ್ತರ ಹೋಗಿಲ್ಲ, ಕೋರಿಕೆ ಮತ್ತೆ ಕ್ಯೂನಲ್ಲಿ. ಇದಕ್ಕಾಗಿ ನಾನು ಬರೆದ ಕೋಡ್ ಸೊನ್ನೆ ಸಾಲು. ಕಾಫ್ಕಾ ಆ ಒಪ್ಪಂದದ ಒಳಗಿಲ್ಲ. ಮೇನ್‌ಫ್ರೇಮ್ ಗಡಿಯಲ್ಲಿ ಎಂಕ್ಯೂ ಇಟ್ಟು, ಈ ಕಡೆ ಬಂದ ಮೇಲೆ ಬೇಕಾದರೆ ಕಾಫ್ಕಾಗೆ ಸುರಿಯಿರಿ.

ಕಡಲತಡಿ — ಬುಧವಾರ, ರಾತ್ರಿ 9:44

ಆಯ್ತು ಅಕ್ಕ, ಈಗ ಗೊತ್ತಾಯ್ತು. ಆ ಸಿಂಕ್‌ಪಾಯಿಂಟ್ ವಿಷಯ ನಮಗೆ ಯಾರೂ ಹೇಳ್ಲೇ ಇಲ್ಲ.

ಪಾಲಿಸಿಪುಟ್ಟ — ಗುರುವಾರ, ಮಧ್ಯಾಹ್ನ 3:10

ಮತ್ತೆ ನಾನೇ. ಅಕ್ಕ ಹೇಳಿದ ಹಾಗೆ ತಿದ್ದುಪಡಿಗೆ ಬೇರೆ ಕ್ಯೂ ಮಾಡಿಸಿದೆ. ಮೊದಲು ಎಂಕ್ಯೂನ 2035 ಎರರ್ ಬಂತು, ಅನುಮತಿ ಕೊಡಿಸಿದೆ. ಆಮೇಲೆ 2085, ಕ್ಯೂ ಹೆಸರಲ್ಲಿ ಒಂದು ಚುಕ್ಕಿ ತಪ್ಪಿತ್ತು. ಕೊನೆಗೆ ಸಂದೇಶ ಹೋಯ್ತು, ಆ ಕಡೆ ಎಎಸ್‌ಆರ್‌ಎ ಅಬೆಂಡ್. ಒಂದು ಸಲ ಅಲ್ಲ. ಅದೇ ಸಂದೇಶ ವಾಪಸ್ ಕ್ಯೂಗೆ ಬರುತ್ತೆ, ಮತ್ತೆ ಟ್ರಿಗರ್ ಆಗುತ್ತೆ, ಮತ್ತೆ ಅಬೆಂಡ್. ಡಂಪ್ (ಪ್ರೋಗ್ರಾಮ್ ಸತ್ತ ಕ್ಷಣದ ನಕಲು) ಫೈಲ್ ತುಂಬಿಸಿಟ್ಟೆ ಅಂತ ನನಗೆ ಮೇಲ್ ಬಂದಿದೆ, ನನ್ನ ಮ್ಯಾನೇಜರ್‌ಗೂ ಕಾಪಿ ಇದೆ. "ನಿಮ್ಮ ಡೇಟಾ ಮುಂದೆ ಏನೋ ಕಸ ಇದೆ" ಅಂತಾರೆ. ನಾನು ಕಸ ಕಳಿಸಿಲ್ಲ. ವಿಚಾರಣೆ ಕ್ಯೂನಲ್ಲಿ ಇದೇ ಕೋಡ್ ಸರಿಯಾಗಿ ಓಡ್ತಿದೆ.

ಲಾಗ್‌ನೋಡ್ಕೋ — ಗುರುವಾರ, ಮಧ್ಯಾಹ್ನ 3:18

ಕಸ ಶುರುವಾಗೋದು ಆರ್, ಎಫ್, ಎಚ್ ಅಂತ ಮೂರು ಅಕ್ಷರದಿಂದ, ಸರಿನಾ? ಅದು ಆರ್‌ಎಫ್‌ಎಚ್2 ಹೆಡರ್. ಜೆಎಂಎಸ್ ತನ್ನ ಪ್ರಾಪರ್ಟಿಗಳನ್ನೆಲ್ಲ ಅದರಲ್ಲಿ ತುಂಬಿ ಸಂದೇಶದ ತಲೆ ಮೇಲೆ ಹೊರಿಸುತ್ತೆ. ಆ ಕಡೆಯೂ ಜಾವಾ ಇದ್ದರೆ ಗೊತ್ತೇ ಆಗಲ್ಲ. ಕೋಬಾಲ್ ಇದ್ದರೆ ಟ್ರಾನ್ಸಾಕ್ಷನ್ ಕೋಡ್ ಇರಬೇಕಾದ ಜಾಗದಲ್ಲಿ ಇದು ಸಿಗುತ್ತೆ, ಅಂಕಿ ಇರಬೇಕಾದ ಕಡೆ ಅಕ್ಷರ ಸಿಗುತ್ತೆ, ಕೂಡೋಕೆ ಹೋಗಿ ಸಾಯುತ್ತೆ. ಡೆಸ್ಟಿನೇಷನ್‌ನಲ್ಲಿ ಟಾರ್ಗೆಟ್ ಕ್ಲೈಂಟ್ 1 ಅಂತ ಹಾಕಿ, ಹೆಡರ್ ಹೋಗುತ್ತೆ. ಹಳೇ ಕ್ಯೂಗೆ ನಿಮಗಿಂತ ಮುಂಚೆ ಇದ್ದ ಪುಣ್ಯಾತ್ಮರು ಯಾರೋ ಹಾಕಿಟ್ಟಿದ್ರು ಅನ್ಸುತ್ತೆ.

ಹಳೇಹುಬ್ಬಳ್ಳಿ — ಗುರುವಾರ, ಸಂಜೆ 6:30

ಜ್ವಾಳದಾಗ ಕಲ್ಲು ಬಂತಂದ್ರ ಗಿರಣಿಯಾಂವ ಏನ್ ಮಾಡ್ತಿದ್ದ ಹೇಳ್ರಿ? ಒಂದ್ ಸಲ ಕಟಕ್ಕಂತು, ಎರಡ್ ಸಲ ಕಟಕ್ಕಂತು, ಮೂರನೇದಕ್ಕ ಆ ಡಬ್ಬಿ ಎತ್ತಿ ಬಾಜೂಕ ಇಟ್ಟು ಮುಂದಿಂದು ತಗೋತಿದ್ದ. ಕಲ್ಲಿನ ಡಬ್ಬೀನ ಮತ್ತ ಮತ್ತ ಸುರುವಿದ್ರ ಗಿರಣಿನ ಹಾಳಾಕ್ಕತಿ, ಹಿಂದಿನ ಮಂದಿಗೂ ಹಿಟ್ಟಿಲ್ಲ.

ಎಂಕ್ಯೂನ್ಯಾಗ ಅದಕ್ಕ ಬ್ಯಾಕ್‌ಔಟ್ ಥ್ರೆಶೋಲ್ಡ್ ಅಂತಾರ. ಡೀಫಾಲ್ಟ್ ಸೊನ್ನಿ. ಸೊನ್ನಿ ಅಂದ್ರ ಎಂದೂ ಎತ್ತಿ ಇಡೂದಿಲ್ಲ, ಕಲ್ಲ ಬೀಸ್ಕೋತ ಕುಂದರತಾನ. ಮೂರಕ್ಕ ಇಡು, ಬ್ಯಾಕ್‌ಔಟ್ ಕ್ಯೂ ಹೆಸರೂ ಕೊಡು. ನಿನ್ನ ಮೆಸೇಜ್ ಡ್ರಿವನ್ ಬೀನ್ ಕಡಿ ಜೆಎಂಎಸ್ ಅದನ್ನ ತಾನ ನೋಡ್ಕೋತದ. ಕೋಬಾಲ್ ಕಡಿ ಹಂಗಿಲ್ಲ, ಸಂದೇಶದ ಬ್ಯಾಕ್‌ಔಟ್ ಕೌಂಟ್ ಎಷ್ಟೈತಿ ಅಂತ ಪ್ರೋಗ್ರಾಮ ನೋಡಬೇಕು.

ಹಸಿರುಪರದೆ — ಗುರುವಾರ, ರಾತ್ರಿ 8:50

ಹೌದು, ಮತ್ತು ಅದನ್ನ ನೋಡದೆ ಇದ್ದಿದ್ದು ನಮ್ಮ ಕಡೆಯವರ ತಪ್ಪು. ಡಂಪ್ ತುಂಬಿದ್ದಕ್ಕೆ ಪುಟ್ಟನಿಗೆ ಮೇಲ್ ಹಾಕೋ ಮುಂಚೆ ಅವರ ಪ್ರೋಗ್ರಾಮ್ ತೆಗೆದು ನೋಡಬೇಕಿತ್ತು. ಹಾಗೇ ಇನ್ನೊಂದು: ಮೆಸೇಜ್ ಡ್ರಿವನ್ ಬೀನ್ ಪೂಲ್‌ನಲ್ಲಿ ಹತ್ತು ಜನ ಇದ್ದರೆ ಸಂದೇಶಗಳ ಸರದಿ ಉಳಿಯಲ್ಲ. ಒಂದೇ ಪಾಲಿಸಿಯ ಎರಡು ಬದಲಾವಣೆ ಹಿಂದುಮುಂದಾಗಬಾರದು ಅಂದ್ರೆ ಪಾಲಿಸಿ ನಂಬರ್ ಪ್ರಕಾರ ಹಂಚಿ, ಇಲ್ಲ ಪೂಲನ್ನ ಒಂದಕ್ಕೆ ಇಳಿಸಿ.

ಮತ್ತೆ, ಅಲ್ಲಿಯ ರಾತ್ರಿ ಬ್ಯಾಚ್ ನಮ್ಮ ಹಗಲು. ಫೈಲ್ ಮುಚ್ಚಿದಾಗ ನೀವು ಲೋಡ್ ಟೆಸ್ಟ್ ಹಚ್ಚಿದರೆ ನಿಮ್ಮ ಸರ್ವರ್‌ನ ಕ್ಯೂ ಡೀಫಾಲ್ಟ್ ಮಿತಿ 5,000ಕ್ಕೆ ತುಂಬಿ 2053 ಎರರ್ ಕೊಡುತ್ತೆ. ಆಗ ನನ್ನನ್ನ ಬೈಕೋಬೇಡಿ.

ಪಾಲಿಸಿಪುಟ್ಟ — ಶುಕ್ರವಾರ, ಸಂಜೆ 7:25

ಟಾರ್ಗೆಟ್ ಕ್ಲೈಂಟ್ ಹಾಕಿದೆ, ಅಬೆಂಡ್ ಹೋಯ್ತು. ಆದರೆ ಈಗ ಬಂದಿರೋದು ಭಯ ಹುಟ್ಟಿಸ್ತಿದೆ.

ವಿಚಾರಣೆ ಉತ್ತರದಲ್ಲಿ ಪ್ರೀಮಿಯಂ 129.42 ಡಾಲರ್ ಅಂತ ಬರ್ತಿದೆ. ಹಸಿರು ಪರದೆ ಮೇಲೆ ಅದೇ ಪಾಲಿಸಿಗೆ 123.45. ಎರರ್ ಇಲ್ಲ, ಎಕ್ಸೆಪ್ಷನ್ ಇಲ್ಲ, ತಪ್ಪು ಅಂತ ಯಾರಿಗೂ ಅನ್ನಿಸದ ಸಂಖ್ಯೆ. ಟೆಸ್ಟಿಂಗ್‌ನಲ್ಲಿ ಇಲ್ಲೀ ತನಕ ಎಲ್ಲಾ ಪಾಸ್. ರಿಫಂಡ್ ದಾಖಲೆಗಳು ಮಾತ್ರ ಎಕ್ಸೆಪ್ಷನ್ ಎಸೀತಿದ್ವು, ಅದು ಬೇರೆ ಬಗ್ ಅಂತ ಬೇರೆಯವರಿಗೆ ಕೊಟ್ಟಿದ್ವಿ. ಕಾಪಿಬುಕ್‌ನಲ್ಲಿ (ಕೋಬಾಲ್ ದಾಖಲೆಯ ಯಾವ ಜಾಗದಲ್ಲಿ ಏನಿದೆ ಅಂತ ಹೇಳೋ ಪಟ್ಟಿ) ಈ ಫೀಲ್ಡ್ ಕಾಂಪ್-3 ಅಂತ ಇದೆ, ಅದನ್ನ ಬಿಚ್ಚೋ ಕೋಡ್ ನಾನೇ ಬರೆದಿದ್ದು. ಯೂನಿಟ್ ಟೆಸ್ಟ್‌ನಲ್ಲಿ ಸರಿ ಇದೆ.

ಹಸಿರುಪರದೆ — ಶುಕ್ರವಾರ, ರಾತ್ರಿ 7:40

ಉತ್ತರ ನಿಮಗೆ ಟೆಕ್ಸ್ಟ್ ಮೆಸೇಜ್ ಆಗಿ ಬರ್ತಿದೆಯಾ, ಬೈಟ್ಸ್ ಮೆಸೇಜ್ ಆಗಿಯಾ?

ಪಾಲಿಸಿಪುಟ್ಟ — ಶುಕ್ರವಾರ, ರಾತ್ರಿ 7:46

ಟೆಕ್ಸ್ಟ್. ಅದರ ಸ್ಟ್ರಿಂಗ್ ತಗೊಂಡು ಬೈಟ್ ಮಾಡಿಕೊಂಡು ಕಾಪಿಬುಕ್ ಪ್ರಕಾರ ಕತ್ತರಿಸ್ತೀನಿ. ಅಕ್ಷರ ಸಂಕೇತ ಅಂತ ಮೊದಲು ಯುಟಿಎಫ್-8 ಹಾಕಿದ್ದೆ, ಫೀಲ್ಡ್‌ಗಳೆಲ್ಲ ಒಂದೆರಡು ಬೈಟ್ ಸರಿದು ಹೋಗ್ತಿದ್ವು. ಲ್ಯಾಟಿನ್-1 ಹಾಕಿದ ಮೇಲೆ ಉದ್ದ ಸರಿ ಹೋಯ್ತು.

ಹಸಿರುಪರದೆ — ಶುಕ್ರವಾರ, ರಾತ್ರಿ 8:55

ಉದ್ದ ಸರಿ ಹೋಗಿದ್ದೇ ತಪ್ಪಾಯ್ತು ಪುಟ್ಟ. ಸರಿದೇ ಇದ್ದಿದ್ರೆ ಆವತ್ತೇ ಸಿಕ್ಕಿಬೀಳ್ತಿತ್ತು. ಪೇಪರ್ ತಗೊಂಡು ಕೂತ್ಕೊಂಡೆ, ನೀವೂ ತಗೊಳ್ಳಿ.

ಕಾಂಪ್-3 ಅಂದ್ರೆ ಒಂದು ಬೈಟಿಗೆ ಎರಡು ಅಂಕಿ, ಕೊನೇ ಅರ್ಧ ಬೈಟಿನಲ್ಲಿ ಚಿಹ್ನೆ. ಸಿ ಇದ್ದರೆ ಧನ, ಡಿ ಇದ್ದರೆ ಋಣ. ದಶಾಂಶ ಬಿಂದು ಕಾಪಿಬುಕ್‌ನಲ್ಲಿ ಮಾತ್ರ ಇರುತ್ತೆ, ಡೇಟಾದಲ್ಲಿ ಇರಲ್ಲ. ಅಂದ್ರೆ ನಿಮ್ಮ 123.45 ಮೇನ್‌ಫ್ರೇಮ್‌ನಲ್ಲಿ, ಹೆಕ್ಸ್‌ನಲ್ಲಿ (ಸೊನ್ನೆಯಿಂದ ಒಂಬತ್ತು, ಆಮೇಲೆ ಎ ಇಂದ ಎಫ್) ಬರೆದರೆ, ಮೂರು ಬೈಟ್: 12, 34, 5ಸಿ. ಮುಂದೆ ಸೊನ್ನೆ ತುಂಬಿದ್ದರೆ ಅದರ ಪಾಡಿಗೆ ಇರಲಿ, ಸೊನ್ನೆ ಬದಲಾಗಲ್ಲ.

ಉತ್ತರ ಹಾಕೋ ಕೋಬಾಲ್ ಪ್ರೋಗ್ರಾಮ್ ಸಂದೇಶದ ಫಾರ್ಮ್ಯಾಟ್ ಅನ್ನೋ ಜಾಗದಲ್ಲಿ ಎಂಕ್ಯೂಎಸ್‌ಟಿಆರ್ ಅಂತ ಬರೆದಿದೆ. "ಇದರಲ್ಲಿರೋದು ಪೂರ್ತಿ ಅಕ್ಷರ" ಅಂತ ಅದರ ಅರ್ಥ. ಬರೀ ಅಕ್ಷರವೇ ಇದ್ದ ಯಾವುದೋ ಹಳೇ ಪ್ರೋಗ್ರಾಮ್‌ನಿಂದ ನಕಲು ಮಾಡಿರ್ತಾರೆ, ನಾನೂ ಮಾಡಿದೀನಿ. ಅದನ್ನ ನಂಬಿ ಜೆಎಂಎಸ್ ಇಡೀ ಸಂದೇಶವನ್ನ ಎಬ್ಸಿಡಿಕ್‌ನಿಂದ (ಮೇನ್‌ಫ್ರೇಮ್‌ನ ಅಕ್ಷರ ಸಂಕೇತ) ಯೂನಿಕೋಡ್‌ಗೆ ತಿರುಗಿಸುತ್ತೆ. ಹೆಸರು, ವಿಳಾಸ ಚೆನ್ನಾಗಿ ತಿರುಗುತ್ತೆ. ನಿಮ್ಮ ದುಡ್ಡೂ ತಿರುಗುತ್ತೆ! ಎಬ್ಸಿಡಿಕ್‌ನ 037 ಕೋಡ್‌ಪೇಜ್‌ನಲ್ಲಿ (ಅಕ್ಷರಗಳ ಪಟ್ಟಿ) 12 ಅನ್ನೋದು ಒಂದು ಕಂಟ್ರೋಲ್ ಅಕ್ಷರ, ಈ ಕಡೆಯೂ 12 ಆಗೇ ಉಳಿಯುತ್ತೆ. 34 ಹೋಗಿ 94 ಆಗುತ್ತೆ. 5ಸಿ ಅಲ್ಲಿ ನಕ್ಷತ್ರ ಚಿಹ್ನೆ, ನಕ್ಷತ್ರಕ್ಕೆ ಈ ಕಡೆ 2ಎ. ಈಗ ಓದಿ: 12, 94, 2ಎ. ಕೊನೇ ಎ ಕೂಡ ಕಾಂಪ್-3ರಲ್ಲಿ ಧನ ಚಿಹ್ನೆ ಅಂತಲೇ ಲೆಕ್ಕ. 129.42.

ಯುಟಿಎಫ್-8ನಲ್ಲಿ ಆ 94 ಎರಡು ಬೈಟ್ ಆಗುತ್ತೆ, ಅದಕ್ಕೇ ನಿಮ್ಮ ಫೀಲ್ಡ್‌ಗಳು ಸರಿದಿದ್ದು.

ಈಗ ರಿಫಂಡ್. ಋಣ 123.45 ಅಂದ್ರೆ 12, 34, 5ಡಿ. 5ಡಿ ಅಲ್ಲಿ ಮುಚ್ಚುವ ಆವರಣ, ಈ ಕಡೆ 29. ಚಿಹ್ನೆ ಇರಬೇಕಾದ ಜಾಗದಲ್ಲಿ 9 ಬಂತು, 9 ಅನ್ನೋ ಚಿಹ್ನೆ ಇಲ್ಲ, ನಿಮ್ಮ ಕೋಡ್ ಎಕ್ಸೆಪ್ಷನ್ ಎಸೆಯಿತು. ಅದು ಬೇರೆ ಬಗ್ ಅಲ್ಲ, ಇದೇ ಬಗ್.

ಒಂದೇ ಕುತೂಹಲ. ನಿಮ್ಮ ಟೆಸ್ಟ್ ಡೇಟಾದಲ್ಲಿ ಪ್ರೀಮಿಯಂ ಎಲ್ಲಾ ಎಷ್ಟಿತ್ತು?

ಪಾಲಿಸಿಪುಟ್ಟ — ಶುಕ್ರವಾರ, ರಾತ್ರಿ 9:01

100.00. ಎಲ್ಲಾ ದಾಖಲೆಗೂ.

ಹಸಿರುಪರದೆ — ಶುಕ್ರವಾರ, ರಾತ್ರಿ 9:06

ಅಂದುಕೊಂಡೆ. 10, 00, 0ಸಿ. ಈ ಮೂರೂ ಬೈಟ್ ಎರಡೂ ಕಡೆ ಒಂದೇ. 200.00 ಹಾಕಿದ್ರೆ 800.00 ಅಂತ ಕಾಣ್ತಿತ್ತು, 500.00 ಹಾಕಿದ್ರೆ 260.00. ಇರೋ ಇಷ್ಟು ಸಂಖ್ಯೆಯಲ್ಲಿ ನಿಮ್ಮ ಟೆಸ್ಟರ್ ಕೈಗೆ ಅದೇ ಸಿಗಬೇಕಾ!

ಲಾಗ್‌ನೋಡ್ಕೋ — ಶುಕ್ರವಾರ, ರಾತ್ರಿ 9:09

ಎದ್ದು ನಿಂತು ಚಪ್ಪಾಳೆ. ಈ ಚರ್ಚೆಯನ್ನ ಮೇಲೆ ಪಿನ್ ಮಾಡ್ರಪ್ಪ.

ಜರ್ಸಿಹಸು — ಶುಕ್ರವಾರ, ರಾತ್ರಿ 10:30

ಸರಿಮಾಡೋ ದಾರಿ: ಕೋಬಾಲ್ ಕಡೆ ಫಾರ್ಮ್ಯಾಟ್ ಖಾಲಿ ಬಿಡಿಸಿ. ಆಗ ಬೈಟ್ಸ್ ಮೆಸೇಜ್ ಆಗಿ ಬರುತ್ತೆ, ಯಾರೂ ಮುಟ್ಟಿರಲ್ಲ. ಈ ಕಡೆ ಫೀಲ್ಡ್ ಫೀಲ್ಡ್ ಆಗಿ ನೀವೇ ಬಿಚ್ಚಿ: ಅಕ್ಷರ ಇದ್ದರೆ 037 ಅಂತ ಹೇಳಿ ಓದಿ, ಕಾಂಪ್-3 ಇದ್ದರೆ ಹಾಗೇ ಬೈಟ್. ಕೈಯಲ್ಲಿ ಬರೆಯೋಕೆ ಬೇಜಾರಾದ್ರೆ ಜೆರೆಕಾರ್ಡ್ ಅನ್ನೋ ಲೈಬ್ರರಿ ಕಾಪಿಬುಕ್ ಓದಿ ಅದನ್ನೇ ಮಾಡುತ್ತೆ. ಇನ್ನೊಂದು ದಾರಿ, ಮೇನ್‌ಫ್ರೇಮ್‌ನವರೇ ಮೊತ್ತವನ್ನ ಬಿಡಿ ಅಂಕಿಗಳಾಗಿ, ಚಿಹ್ನೆ ಬೇರೆ ಇಟ್ಟು ಕೊಡೋದು. ಆಗ ಎಂಕ್ಯೂಎಸ್‌ಟಿಆರ್ ಹಾಗೇ ಇರಲಿ. ನನಗೆ ಎರಡನೇದು ಇಷ್ಟ. ನಾಳೆ ಪೈಥಾನ್‌ನವರು ಯಾರಾದ್ರೂ ಬಂದರೂ ಓದ್ಕೋತಾರೆ. ಆದರೆ ಕೋಬಾಲ್ ಬದಲಾವಣೆಗೆ ನಿಮ್ಮ ಗ್ರಾಹಕರು ಒಪ್ಪಬೇಕಲ್ಲ.

ಪಾಲಿಸಿಪುಟ್ಟ — ಬುಧವಾರ, ರಾತ್ರಿ 8:15

ಒಪ್ಪಲಿಲ್ಲ. ಫಾರ್ಮ್ಯಾಟ್ ಖಾಲಿ ಬಿಡೋದಕ್ಕೆ ಮಾತ್ರ ಹೂಂ ಅಂದ್ರು, ಅದು ಒಂದು ಸಾಲು ಅಂತ. ಬೈಟ್ಸ್ ಮೆಸೇಜ್ ಬಂತು. 123.45 ಅಲ್ಲೂ 123.45, ಇಲ್ಲೂ 123.45. ರಿಫಂಡ್ ಬಗ್ ಇಟ್ಕೊಂಡು ಇಷ್ಟು ದಿನ ಒದ್ದಾಡ್ತಿದ್ದ ಹುಡುಗಿಗೆ ಈ ಚರ್ಚೆ ಕಳಿಸಿದೆ. ಓದಿ ನನ್ನ ಜೊತೆ ಅರ್ಧ ದಿನ ಮಾತಾಡಲಿಲ್ಲ. ಟೆಸ್ಟ್ ಡೇಟಾಗೆ ಧನ, ಋಣ, 200, 500 ಎಲ್ಲಾ ಸೇರಿಸಿದೀವಿ. ಪ್ರೀಮಿಯಂ ಕಟ್ಟೋದು ಈಗ ಮೆಸೇಜ್ ಡ್ರಿವನ್ ಬೀನ್ ಮೇಲೆ ಓಡ್ತಿದೆ, ಕೋರಿಕೆ ನಂಬರ್ ಜೊತೆ. ಬ್ಯಾಕ್‌ಔಟ್ ಥ್ರೆಶೋಲ್ಡ್ ಮೂರು. ಇವತ್ತು ಬ್ಯಾಕ್‌ಔಟ್ ಕ್ಯೂನಲ್ಲಿ ನಾಲ್ಕು ಸಂದೇಶ ಕೂತಿದೆ, ಅಂದ್ರೆ ಅದೂ ಕೆಲಸ ಮಾಡ್ತಿದೆ.

ಲಾಗ್‌ನೋಡ್ಕೋ — ಬುಧವಾರ, ರಾತ್ರಿ 8:19

ಆ ನಾಲ್ಕನ್ನ ಯಾರು ನೋಡ್ತಿದಾರೆ?

ಪಾಲಿಸಿಪುಟ್ಟ — ಬುಧವಾರ, ರಾತ್ರಿ 8:41

ಮ್ಯಾನೇಜರ್‌ನ ಕೇಳಿದೆ. ಮೇನ್‌ಫ್ರೇಮ್ ತಂಡ ಅಂದ್ರು. ಮೇನ್‌ಫ್ರೇಮ್ ತಂಡನ ಕೇಳಿದೆ. ಎಂಕ್ಯೂ ಅಡ್ಮಿನ್ ಅಂದ್ರು. ಅವರನ್ನ ಕೇಳಿದೆ, "ಕ್ಯೂ ನಮ್ಮದು, ಒಳಗಿರೋ ಡೇಟಾ ನಮ್ಮದಲ್ಲ" ಅಂದ್ರು. ಲ್ಯಾಪ್‌ಟಾಪ್ ತೆಗೆದೆ, ಮೊದಲನೇದನ್ನ ನೋಡ್ತಿದೀನಿ.

ಹಳೇಹುಬ್ಬಳ್ಳಿ — ಬುಧವಾರ, ರಾತ್ರಿ 8:50

ಕಲ್ಲು ಆರಸಾಕ ಕುಂತಿ ಅನ್ನು. ಊಟಾ ಮಾಡಿ ಕುಂದರು ತಮ್ಮಾ.